ಡೇರಿ ಲೆಕ್ಕದ ಫೈಲ್ ತಾಳೆ ನೋಡೋ ಸ್ಕ್ರಿಪ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಮಾಲೂರು ಕಡೆ ಹಾಲಿನ ಸೊಸೈಟಿಗಳಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗ್ರು, ಸೆಕ್ರೆಟರಿಗಳು ಇದನ್ನ ಬಳಸ್ತಾ ಇದಾರೆ ಅಂತ್ಲೇ ಈ ಪುಟ. ಸ್ಕ್ರಿಪ್ಟ್ ಮಾಡೋ ಕೆಲ್ಸ ಇಷ್ಟೇ: ಸದಸ್ಯರ ಪಟ್ಟಿ ಒಂದು ಫೈಲು, ಬಟವಾಡೆ ಪಟ್ಟಿ ಇನ್ನೊಂದು ಫೈಲು, ಎರಡನ್ನೂ ಕೋಡ್ ಮೇಲೆ ತಾಳೆ ನೋಡಿ ಸಿಕ್ಕಿದೋರ್ನ ಒಂದ್ ಕಡೆ ಬರ್ಯುತ್ತೆ, ಸಿಗದೇ ಇರೋರ್ನ ಇನ್ನೊಂದ್ ಕಡೆ ಬರ್ಯುತ್ತೆ. ಒಳಗೆ ಇರೋದು ಆಕ್, ಅಂದ್ರೆ ಟೆಕ್ಸ್ಟ್ ಫೈಲನ್ನ ಸಾಲು ಸಾಲಾಗಿ ಓದಿ ಕೆಲ್ಸ ಮಾಡೋ ಒಂದು ಸಣ್ಣ ಭಾಷೆ, ಹತ್ತು ಹನ್ನೆರಡು ಸಾಲು. ಕಮಾಂಡ್‌ಗಳನ್ನ ಫೋನಲ್ಲಿ ಹೇಳ್ದಂಗೆ ಕನ್ನಡದಲ್ಲೇ ಬರ್ದಿದೀನಿ, ಕೇಳಿಸ್ಕೊಂಡು ಟೈಪ್ ಮಾಡೋ ಥರ ಟೈಪ್ ಮಾಡ್ಕೊಳ್ಳಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಸಿಗದೇ ಉಳಿದ ಒಂದೊಂದು ಸಾಲೂ ಬೆಳಗ್ಗೆ ಸಂಜೆ ಕ್ಯಾನ್ ಹೊತ್ಕೊಂಡು ಬಂದು ಹಾಲು ಹಾಕಿರೋ ಒಬ್ಬ ಮನುಷ್ಯನ ದುಡ್ಡು. "ಹತ್ತಿರತ್ತಿರ ಎಲ್ಲಾ ಮ್ಯಾಚ್ ಆಯ್ತು" ಅನ್ನೋದು ಈ ಕೆಲ್ಸದಲ್ಲಿ ನಡಿಯಲ್ಲ.

ಸ್ಕ್ರಿಪ್ಟ್ ಓಡ್ತು, ಎರರ್ ಏನೂ ಬರ್ಲಿಲ್ಲ, ಆದ್ರೆ ಒಬ್ರೂ ಮ್ಯಾಚ್ ಆಗ್ಲಿಲ್ಲ. ಎಲ್ಲಿಂದ ನೋಡ್ಬೇಕು?

ಸ್ಕ್ರಿಪ್ಟ್ ತೆಗ್ದು ನೋಡ್ಬೇಡಿ, ಡೇಟಾ ತೆಗ್ದು ನೋಡಿ. ಎರಡೂ ಫೈಲಲ್ಲಿ ಇದಾರೆ ಅಂತ ನಿಮಗೆ ಗ್ಯಾರಂಟಿ ಗೊತ್ತಿರೋ ಒಬ್ಬ ಸದಸ್ಯರನ್ನ ಹಿಡ್ಕೊಳ್ಳಿ, ಅವ್ರ ಕೋಡ್ 0427 ಅಂತ ಇಟ್ಕೊಳ್ಳಿ, ಎರಡೂ ಫೈಲಿಂದ ಅವ್ರ ಕೋಡಿನ ಕಾಲಂ ಮಾತ್ರ ಕಟ್ ಮಾಡಿ ತೆಗ್ದು ಅದನ್ನ ಓಡಿ (ಓ, ಡಿ ಅನ್ನೋ ಎರಡು ಇಂಗ್ಲಿಷ್ ಅಕ್ಷರ) ಮೈನಸ್ ಸಿ ಕಮಾಂಡ್‌ಗೆ ಪೈಪ್ ಮಾಡಿ. ಅದು ಒಂದೊಂದು ಅಕ್ಷರಾನೂ ಬಿಡಿಸಿ ತೋರಿಸುತ್ತೆ, ಕಣ್ಣಿಗೆ ಕಾಣದೇ ಇರೋದೂ ಕಾಣುತ್ತೆ. ಒಂದು ಫೈಲಲ್ಲಿ ಹಿಂಗೆ ಬರುತ್ತೆ:

0 4 2 7 \ಎನ್

ಇನ್ನೊಂದರಲ್ಲಿ ಹಿಂಗೆ:

0 4 2 7 \ಆರ್ \ಎನ್

ಆ ಮಧ್ಯದ \ಆರ್ ಇದ್ಯಲ್ಲ, ಅದೇ ಎಲ್ಲಾನೂ ಕೆಡಿಸಿರೋದು. ವಿಂಡೋಸಲ್ಲಿ ಸೇವ್ ಮಾಡಿದ ಫೈಲಲ್ಲಿ ಪ್ರತಿ ಸಾಲಿನ ಕೊನೇಲಿ ಎರಡು ಗುರ್ತು ಇರ್ತವೆ, ಲಿನಕ್ಸಲ್ಲಿ ಒಂದೇ. ಆಕ್‌ಗೆ ಆ \ಆರ್ ಕೂಡ ಕೊನೇ ಕಾಲಂನ ಒಂದು ಅಕ್ಷರ, ಹಂಗಾಗಿ ಕೋಡ್ ಕೊನೇ ಕಾಲಂನಲ್ಲಿದ್ರೆ 0427 ಬೇರೆ, 0427\ಆರ್ ಬೇರೆ, ಜನ್ಮದಲ್ಲಿ ಸೇರಲ್ಲ. ಡಾಸ್‌ಟುಯುನಿಕ್ಸ್ ಅನ್ನೋ ಟೂಲ್ ಇದ್ರೆ ಎರಡೂ ಫೈಲ್‌ಗೆ ಓಡ್ಸಿ, ಇಲ್ಲಾಂದ್ರೆ ಟಿಆರ್ ಮೈನಸ್ ಡಿ ಕೊಟ್ಟು ಕೋಟ್ ಒಳಗೆ ಬ್ಯಾಕ್‌ಸ್ಲ್ಯಾಷ್ ಆರ್ ಹಾಕಿದ್ರೂ ಹೋಗುತ್ತೆ.

ಕೋಡ್ ಮೊದ್ಲನೇ ಕಾಲಂನಲ್ಲಿದ್ದೂ ಒಬ್ರೂ ಸಿಗ್ತಾ ಇಲ್ಲ ಅಂದ್ರೆ ಒಂದು ಫೈಲಲ್ಲಿ ಕಾಮಾ, ಇನ್ನೊಂದರಲ್ಲಿ ಟ್ಯಾಬ್ ಇದ್ಯಾ ನೋಡಿ. ಅದೂ ಅಲ್ಲ ಅಂದ್ರೆ ಫೈಲ್ ಅನ್ನೋ ಕಮಾಂಡ್ ಕೊಟ್ಟು ಹೆಸ್ರು ಕೊಡಿ, ಯುಟಿಎಫ್-16 ಅಂತ ಬಂದ್ರೆ ಅದು ಎಕ್ಸೆಲಲ್ಲಿ "ಯೂನಿಕೋಡ್ ಟೆಕ್ಸ್ಟ್" ಅಂತ ಸೇವ್ ಮಾಡಿರೋ ಫೈಲು, ಐಕಾನ್ವ್ ಹಾಕಿ ಯುಟಿಎಫ್-8 ಮಾಡ್ಕೊಂಡ್ರೆ ಸರಿಹೋಗುತ್ತೆ.

ಮೊದ್ಲನೇ ಸಾಲಿನೋರು ಒಬ್ರು ಮಾತ್ರ ಯಾವಾಗ್ಲೂ ಮಿಸ್ ಆಗ್ತಾರೆ, ಉಳಿದೋರೆಲ್ಲಾ ಬರ್ತಾರೆ.

ಬಿಓಎಂ. ಎಕ್ಸೆಲಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿದ್ರೆ ಫೈಲಿನ ತಲೇಲಿ ಮೂರು ಬೈಟ್ ಸೇರ್ಕೊಳ್ತವೆ, ಹೆಕ್ಸಲ್ಲಿ ಇಎಫ್ ಬಿಬಿ ಬಿಎಫ್. ಸ್ಕ್ರೀನ್ ಮೇಲೆ ಕಾಣಲ್ಲ ಆದ್ರೆ ಮೊದ್ಲನೇ ಕೋಡಿಗೆ ಅಂಟ್ಕೊಂಡಿರ್ತವೆ. ಡಾಸ್‌ಟುಯುನಿಕ್ಸ್ ಇದನ್ನೂ ತೆಗೆಯುತ್ತೆ. ಹೆಡ್ಡಿಂಗ್ ಸಾಲು ಇರೋ ಫೈಲಲ್ಲಿ ಇದು ಹೆಡ್ಡಿಂಗಿಗೆ ಅಂಟಿರುತ್ತೆ, ಹಂಗಾಗಿ ಬಹಳ ದಿನ ಯಾರಿಗೂ ಗೊತ್ತಾಗಲ್ಲ, ಯಾರೋ ಹೆಡ್ಡಿಂಗ್ ತೆಗ್ದು ಕಳಿಸ್ದಾಗ ಶುರು ಆಗುತ್ತೆ.

ಒಬ್ರ ದುಡ್ಡು ಇನ್ನೊಬ್ರ ಅಕೌಂಟ್ ನಂಬರ್ ಮುಂದೆ ಬಂದಿದೆ! ಇದು ಹೆಂಗಾಯ್ತು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದ್ತೀರ ಅಂದ್ರೆ ಇದನ್ನ ಓದಿ. ಮ್ಯಾಚ್ ಆಗ್ದೇ ಇದ್ರೆ ಗೊತ್ತಾಗುತ್ತೆ, ಪಟ್ಟೀಲಿ ಬರುತ್ತೆ, ಯಾರಾದ್ರೂ ಕೇಳ್ತಾರೆ. ತಪ್ಪಾಗಿ ಮ್ಯಾಚ್ ಆದ್ರೆ ಯಾರಿಗೂ ಗೊತ್ತಾಗಲ್ಲ.

ಸದಸ್ಯರ ಕೋಡ್ ಸೊಸೈಟಿ ಒಳಗೆ ಮಾತ್ರ ಒಂದೇ. ಈ ಊರ ಡೇರೀಲೂ 45 ಇರ್ತಾರೆ, ಪಕ್ಕದ ಊರಲ್ಲೂ 45 ಇರ್ತಾರೆ. ಒಂದೇ ಸೊಸೈಟಿ ಫೈಲ್ ಓಡಿಸೋವರ್ಗೂ ತೊಂದ್ರೆ ಇಲ್ಲ, ನಾಲ್ಕು ಸೊಸೈಟಿದು ಸೇರಿಸಿ ಓಡ್ಸಿದ ತಕ್ಷಣ ಎಲ್ಲಾ 45ಗಳೂ ಒಂದರ ಮೇಲೊಂದು ಬಂದು ಕೊನೇ 45 ಮಾತ್ರ ಉಳ್ಕೊಳ್ಳುತ್ತೆ, ಅಷ್ಟೂ ಊರಿನ 45ಕ್ಕೆ ಅವ್ರ ಅಕೌಂಟೇ ಬರುತ್ತೆ. ಅದಕ್ಕೇ ಕೀ, ಅಂದ್ರೆ ಯಾವುದರ ಮೇಲೆ ತಾಳೆ ನೋಡ್ತೀವೋ ಅದು, ಸೊಸೈಟಿ ಕೋಡ್ ಪ್ಲಸ್ ಸದಸ್ಯರ ಕೋಡ್, ಎರಡೂ ಸೇರಿ.

ಸೇರ್ಸೋದ್ರಲ್ಲೂ ಒಂದು ಗುಂಡಿ ಇದೆ. ಡಾಲರ್ ಒಂದು, ಡಾಲರ್ ಎರಡು (ಆಕ್‌ನಲ್ಲಿ ಮೊದ್ಲನೇ ಕಾಲಂ, ಎರಡನೇ ಕಾಲಂ) ಅಂತ ಪಕ್ಕಪಕ್ಕ ಬರ್ದು ಅಂಟಿಸ್ಬಿಟ್ರೆ ಸೊಸೈಟಿ 12ರ ಸದಸ್ಯ 345 ಕೂಡ 12345 ಆಗ್ತಾರೆ, ಸೊಸೈಟಿ 123ರ ಸದಸ್ಯ 45 ಕೂಡ 12345 ಆಗ್ತಾರೆ. ಮಧ್ಯೆ ಕಾಮಾ ಹಾಕಿ, ಅಂದ್ರೆ ಅರೇ (ಆಕ್ ತನ್ನ ನೆನಪಲ್ಲಿ ಇಟ್ಕೊಳ್ಳೋ ಪಟ್ಟಿ) ಬ್ರಾಕೆಟ್ ಒಳಗೆ ಡಾಲರ್ ಒಂದು ಕಾಮಾ ಡಾಲರ್ ಎರಡು, ಆಗ ಆಕ್ ತಾನೇ ಮಧ್ಯೆ ಒಂದು ಕಾಣದ ಗುರ್ತು ಇಟ್ಟು ಬೇರೆ ಬೇರೆ ಮಾಡ್ಕೊಳ್ಳುತ್ತೆ. ಹೊಸ ಸ್ಕ್ರಿಪ್ಟಲ್ಲಿ ಹಿಂಗೇ ಇದೆ, ಹಳೇದು ಇನ್ನೂ ಓಡಿಸ್ತಾ ಇರೋರು ದಯವಿಟ್ಟು ನಿಲ್ಲಿಸಿ.

ಒಬ್ರದ್ದೇ ಕೋಡ್ ಎರಡು ಸಲ ಬಂದ್ರೆ?

ಸದಸ್ಯರ ಫೈಲಲ್ಲಿ ಎರಡು ಸಲ ಇದ್ರೆ ಮೇಲೆ ಹೇಳ್ದಂಗೆ ಕೊನೇದು ಗೆಲ್ಲುತ್ತೆ, ಮೊದ್ಲನೇದು ಸದ್ದಿಲ್ದೆ ಹೋಗುತ್ತೆ. ತೀರ್ಕೊಂಡೋರ ಕೋಡ್ನ ಮಗನಿಗೋ ಸೊಸೆಗೋ ಕೊಟ್ಟು ಹಳೇ ಸಾಲು ಅಳಿಸ್ದೇ ಬಿಟ್ಟಿರ್ತಾರೆ, ಮಾಮೂಲಿ ಆಗೋದು. ಸ್ಕ್ರಿಪ್ಟ್ ಈಗ ಅಂಥದ್ದು ಕಂಡ್ರೆ ನಿಂತ್ಬಿಡುತ್ತೆ, ಯಾವ ಕೋಡ್ ಅಂತ ಹೇಳುತ್ತೆ. ನಿಲ್ದೇ ಮುಂದೆ ಹೋಗೋ ಹಂಗೆ ಮಾಡ್ಕೊಡಿ ಅಂತ ಕೇಳ್ತಾರೆ, ಅದನ್ನ ಮಾಡಲ್ಲ, ಯಾವ ಸಾಲು ಸರಿ ಅಂತ ಸೆಕ್ರೆಟರಿಗೆ ಮಾತ್ರ ಗೊತ್ತಿರೋದು. ಬಟವಾಡೆ ಫೈಲಲ್ಲಿ ಎರಡು ಸಲ ಬರೋದು ತಪ್ಪಲ್ಲ, ಬೆಳಗ್ಗೆದೊಂದು ಸಂಜೆದೊಂದು ಸಾಲು ಇರ್ಬೋದು, ಅದನ್ನ ಕೂಡಿಸ್ಕೊಳ್ಳುತ್ತೆ.

0427 ಅಂತ ಇದ್ದಿದ್ದು 427 ಆಗೋಗಿದೆ.

ಎಕ್ಸೆಲಲ್ಲಿ ಡಬಲ್ ಕ್ಲಿಕ್ ಮಾಡಿ ತೆಗ್ದು ಸೇವ್ ಕೊಟ್ಟಿದೀರ. ಎಕ್ಸೆಲ್‌ಗೆ ಅದು ನಂಬರು, ನಂಬರಿಗೆ ಮುಂದಿನ ಸೊನ್ನೆ ಬೇಡ, ತೆಗೆದಾಕುತ್ತೆ. ಆಕ್ ಅರೇ ಒಳಗೆ ಕೀ ಯಾವಾಗ್ಲೂ ಅಕ್ಷರ, ಅದಕ್ಕೆ 0427 ಮತ್ತು 427 ಎರಡು ಬೇರೆ ಮನುಷ್ಯರು.

ಇದಕ್ಕೆ ಎರಡು ದಾರಿ. ಎಲ್ಲಾ ಕೋಡೂ ಇಷ್ಟೇ ಅಂಕಿ ಅಂತ ಗಟ್ಟಿಯಾಗಿ ಗೊತ್ತಿದ್ರೆ ಎಸ್‌ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ 04 ಡಿ ಅಂತ ಕೊಟ್ಟು ಎರಡೂ ಕಡೆ ನಾಲ್ಕಂಕಿ ಮಾಡ್ಕೊಳ್ಳಿ. ಒಳ್ಳೇ ದಾರಿ ಅಂದ್ರೆ ಎಕ್ಸೆಲಲ್ಲಿ ಡಬಲ್ ಕ್ಲಿಕ್ ಮಾಡ್ದೇ ಡೇಟಾ ಮೆನುಗೆ ಹೋಗಿ ಫ್ರಮ್ ಟೆಕ್ಸ್ಟ್ ಅಂತ ತಗೊಂಡು ಕೋಡ್ ಕಾಲಂನ ಟೆಕ್ಸ್ಟ್ ಅಂತ ಆರಿಸ್ಕೊಳ್ಳೋದು. ಲಿಬ್ರೆ ಆಫೀಸಲ್ಲಿ ಫೈಲ್ ತೆಗಿಯೋವಾಗ್ಲೇ ಆ ಡಬ್ಬಿ ಬರುತ್ತೆ, ಅಲ್ಲೇ ಆರಿಸ್ಬೋದು. ಬರೀ ನೋಡೋದಕ್ಕೆ ತೆಗ್ದಿದ್ರೆ ಸೇವ್ ಕೇಳ್ದಾಗ ಬೇಡ ಅನ್ನಿ, ಅಷ್ಟೇ.

ಅಕೌಂಟ್ ನಂಬರ್ ಇರೋ ಜಾಗದಲ್ಲಿ 1.23ಇ+12 ಥರ ಏನೋ ಬಂದಿದೆ. ವಾಪಸ್ ತರ್ಬೋದಾ?

ಎಕ್ಸೆಲ್ ಫೈಲ್ ಇನ್ನೂ ಇದ್ರೆ ತರ್ಬೋದು, ಕಾಲಂ ಅಗಲ ಮಾಡಿ ಫಾರ್ಮ್ಯಾಟ್ ನಂಬರ್ ಅಂತ ಮಾಡಿ, ದಶಾಂಶ ಸೊನ್ನೆ ಕೊಡಿ. ಹಂಗೆ ಕಾಣ್ತಿರೋವಾಗ್ಲೇ ಸಿಎಸ್‌ವಿ ಆಗಿ ಸೇವ್ ಆಗಿ ಮೂಲ ಫೈಲ್ ಹೋಗಿದ್ರೆ ಆ ಅಂಕಿಗಳು ಹೋದವು, ಯಾವ ಸ್ಕ್ರಿಪ್ಟೂ ತರಲ್ಲ, ಪಾಸ್‌ಬುಕ್ ಜೆರಾಕ್ಸೇ ಗತಿ. ಇನ್ನೊಂದು, ಎಕ್ಸೆಲ್ 15 ಅಂಕಿ ಮೇಲೆ ನಂಬರ್ ನೆನಪಿಟ್ಕೊಳ್ಳಲ್ಲ, 16ನೇ ಅಂಕಿಯಿಂದ ಸೊನ್ನೆ ಹಾಕ್ಬಿಡುತ್ತೆ, ಅದಕ್ಕೆ ಎಚ್ಚರಿಕೇನೂ ಕೊಡಲ್ಲ.

ಕೆಲವು ಬ್ಯಾಂಕಿನ ಸ್ಟೇಟ್‌ಮೆಂಟಲ್ಲಿ ಅಕೌಂಟ್ ನಂಬರ್ ಮುಂದೆ ಉದ್ದಕ್ಕೆ ಸೊನ್ನೆ ಹಾಕಿ ಬರ್ಯುತ್ತಾರೆ, ಪಾಸ್‌ಬುಕ್ಕಲ್ಲಿ ಆ ಸೊನ್ನೆ ಇರಲ್ಲ. ಅಲ್ಲಿ ಆಕ್‌ನ ಸಬ್ ಅನ್ನೋ ಫಂಕ್ಷನ್ ಹಾಕಿ ಮುಂದಿನ ಸೊನ್ನೆ ತೆಗೀಬೇಕು, ಆದ್ರೆ ಪ್ಲಸ್ ಸೊನ್ನೆ ಹಾಕಿ ನಂಬರ್ ಮಾಡ್ಕೊಳ್ಳೋ ಶಾರ್ಟ್‌ಕಟ್ ಬೇಡ. ಆಕ್ ಲೆಕ್ಕ ಮಾಡೋದು ಡಬಲ್ ಅನ್ನೋ ದಶಾಂಶ ನಂಬರ್ ಥರದಲ್ಲಿ, 9007199254740992 ದಾಟಿದ್ ಮೇಲೆ ಪಕ್ಕಪಕ್ಕದ ನಂಬರ್‌ಗಳು ಒಂದೇ ಆಗ್ಬಿಡ್ತವೆ. ಅಕೌಂಟ್ ನಂಬರ್ ಕೂಡಿಸಿ ಕಳೆಯೋ ನಂಬರ್ ಅಲ್ಲ, ಅದನ್ನ ಯಾವಾಗ್ಲೂ ಅಕ್ಷರ ಅಂತ್ಲೇ ನಡೆಸ್ಕೊಳ್ಳಿ.

ಕೋಡ್ ಇಲ್ಲ, ಹೆಸ್ರು ಮೇಲೆ ಮ್ಯಾಚ್ ಮಾಡ್ಬೋದಾ?

ನಮ್ಮ ಜಿಲ್ಲೇಲಿ ಬೇಡ. ಒಂದೊಂದು ಊರಲ್ಲಿ ಮುನಿಯಪ್ಪ ಎಷ್ಟು ಜನ, ನಾರಾಯಣಸ್ವಾಮಿ ಎಷ್ಟು ಜನ ಅಂತ ನಿಮಗೇ ಗೊತ್ತು. ವೆಂಕಟರಮಣಪ್ಪ ಅಂತ ಒಬ್ರು ಬರ್ದಿರ್ತಾರೆ, ವೆಂಕಟ್ರವಣಪ್ಪ ಅಂತ ಇನ್ನೊಬ್ರು, ಬ್ಯಾಂಕಲ್ಲಿ ಇಂಗ್ಲಿಷಲ್ಲಿ ಇನ್ನೊಂದು ಥರ, ಇನಿಶಿಯಲ್ ಒಂದ್ ಕಡೆ ಮುಂದೆ ಒಂದ್ ಕಡೆ ಹಿಂದೆ. ಊರಿನ ಹೆಸ್ರೂ ಅಷ್ಟೇ, ಮುಳಬಾಗಿಲು, ಮುಳಬಾಗಲು ಎರಡೂ ನಡೀತವೆ. ಜಿಲ್ಲೆ ಕಾಲಂ ಅಂತೂ ನಂಬ್ಲೇಬೇಡಿ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೂ ಮುಂಚಿನ ರೆಕಾರ್ಡಲ್ಲಿ ಚಿಂತಾಮಣಿ, ಶಿಡ್ಲಘಟ್ಟದೋರಿಗೆಲ್ಲಾ ಕೋಲಾರ ಜಿಲ್ಲೆ ಅಂತ್ಲೇ ಇರುತ್ತೆ.

ಹೆಸ್ರು ಒಂದೇ ಥರ ಬರ್ದಿದ್ರೂ ಕನ್ನಡದಲ್ಲಿ ಮ್ಯಾಚ್ ಆಗ್ದೇ ಇರೋದಕ್ಕೆ ಬೇರೆ ಕಾರಣಗಳಿವೆ, ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ.

ಕೋಲಾರ ಅನ್ನೋದನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡಲ್ಲಿ ಐದು ಗುರ್ತು, ಕ, ಅದರ ಓತ್ವ, ಲ, ಅದರ ದೀರ್ಘ, ರ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 15. ಈಗ ಆ ಓತ್ವ ಇದ್ಯಲ್ಲ, ಅದನ್ನ ಒಂದೇ ಗುರ್ತಾಗೂ ಇಡ್ಬೋದು, ಆಗ ಹೆಕ್ಸಲ್ಲಿ ಇ0 ಬಿ3 8ಬಿ ಅಂತ ಕಾಣುತ್ತೆ. ಎತ್ವ, ಊತ್ವದ ಕೊಂಬು, ದೀರ್ಘದ ಗುರ್ತು ಅಂತ ಮೂರು ತುಂಡಾಗೂ ಇಡ್ಬೋದು, ಆಗ ಇ0 ಬಿ3 86 ಇ0 ಬಿ3 82 ಇ0 ಬಿ3 95. ಸ್ಕ್ರೀನ್ ಮೇಲೆ ಎರಡೂ ಒಂದೇ, ಒಂದು ಚೂರೂ ವ್ಯತ್ಯಾಸ ಕಾಣಲ್ಲ, ಆದ್ರೆ ಆಕ್ ನೋಡೋದು ಬೈಟ್‌ಗಳನ್ನ. ಈತ್ವ, ಏತ್ವ, ಐತ್ವ, ಒತ್ವ, ಓತ್ವ ಇರೋ ಎಲ್ಲಾ ಹೆಸ್ರಿಗೂ ಇದು ಆಗ್ಬೋದು. ಎರಡೂ ಫೈಲನ್ನ ಮೊದ್ಲು ಎನ್‌ಎಫ್‌ಸಿಗೆ, ಅಂದ್ರೆ ತುಂಡುಗಳನ್ನ ಸೇರಿಸಿ ಒಂದೇ ಗುರ್ತಾಗಿ ಇಡೋ ರೂಪಕ್ಕೆ ತರ್ಬೇಕು, ಯುಕಾನ್ವ್ ಮೈನಸ್ ಎಕ್ಸ್ ಎನ್‌ಎಫ್‌ಸಿ ಅಂತ ಕಮಾಂಡ್ ಇದೆ, ಪೈಥಾನಲ್ಲಾದ್ರೆ ಯೂನಿಕೋಡ್‌ಡೇಟಾ ಮಾಡ್ಯೂಲಲ್ಲಿ ನಾರ್ಮಲೈಸ್.

ಎರಡನೇದು ರಮೇಶ್, ಮಂಜುನಾಥ್ ಥರ ಅರ್ಧಾಕ್ಷರದಲ್ಲಿ ಮುಗಿಯೋ ಹೆಸ್ರು. ಕೆಲವರು ಟೈಪ್ ಮಾಡಿದ್ರೆ ಕೊನೇಲಿ ಝಡ್‌ಡಬ್ಲ್ಯೂಎನ್‌ಜೆ ಅನ್ನೋ ಕಾಣದ ಗುರ್ತು ಸೇರ್ಕೊಂಡಿರುತ್ತೆ, ಹೆಕ್ಸಲ್ಲಿ ಇ2 80 8ಸಿ. ಒಬ್ರ ಫೈಲಲ್ಲಿ ಇರುತ್ತೆ ಇನ್ನೊಬ್ರದ್ರಲ್ಲಿ ಇರಲ್ಲ. ತಾಳೆ ನೋಡೋದಕ್ಕೆ ಅಂತ ಬೇರೆ ಕಾಲಂ ಮಾಡ್ಕೊಂಡು ಅದರಲ್ಲಿ ಮಾತ್ರ ಇದನ್ನ ತೆಗೀರಿ, ಮೂಲ ಹೆಸ್ರಲ್ಲಿ ತೆಗೀಬೇಡಿ, ಅಲ್ಲಿ ತೆಗೆದ್ರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗ್ತಾರೆ, ಪ್ರಿಂಟಲ್ಲಿ ಚೆನ್ನಾಗಿರಲ್ಲ.

ಮೂರನೇದು ಸೊನ್ನೆ. ಅನುಸ್ವಾರ ಹಾಕೋ ಕಡೆ ಕನ್ನಡ ಅಂಕಿ ಸೊನ್ನೆ ಹಾಕಿರ್ತಾರೆ, ಮಂಜುನಾಥ ಮತ್ತು ಮ೦ಜುನಾಥ. ಎಷ್ಟೋ ಫಾಂಟಲ್ಲಿ ಎರಡಕ್ಕೂ ವ್ಯತ್ಯಾಸಾನೇ ಕಾಣಲ್ಲ. ಹೆಸ್ರಿನ ಕಾಲಂನಲ್ಲಿ ಕನ್ನಡ ಅಂಕಿ ಸೊನ್ನೆ ಹುಡ್ಕಿ, ಸಿಕ್ರೆ ಅನುಸ್ವಾರ ಮಾಡಿ. ಇದರ ಉಲ್ಟಾನೂ ಇದೆ, ಕೋಡ್ ಕಾಲಂನಲ್ಲಿ ೪೨೭ ಅಂತ ಕನ್ನಡ ಅಂಕಿ. ಆಕ್‌ಗೆ ಅದು ನಂಬರೇ ಅಲ್ಲ, 427 ಜೊತೆ ಸೇರಲ್ಲ.

ಇನ್ನು ನುಡಿ ಅಥವಾ ಬರಹದ ಹಳೇ ಫಾಂಟಲ್ಲಿ ಮಾಡಿರೋ ಫೈಲು ಬಂದ್ರೆ ಅದು ಯೂನಿಕೋಡೇ ಅಲ್ಲ, ಫಾಂಟ್ ತೆಗೆದ್ರೆ ಯುರೋಪಿನ ಅಕ್ಷರಗಳ ಗಜಿಬಿಜಿ. ಮೊದ್ಲು ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಕಣ್ಣಲ್ಲಿ ಒಂದ್ಸಲ ಓದಿ, ಒತ್ತಕ್ಷರ ಅರ್ಕಾವತ್ತು ಇರೋ ಕಡೆ ಎಡವಿರುತ್ತೆ. ಹೆಸರೆಲ್ಲಾ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿದ್ರೆ ಎಕ್ಸೆಲಿಂದ ಮಾಮೂಲಿ ಸಿಎಸ್‌ವಿ ಅಂತ ಸೇವ್ ಮಾಡಿದೀರ, ಆ ಫೈಲಲ್ಲಿ ಹೆಸ್ರು ಉಳಿದಿಲ್ಲ, ಮೂಲದಿಂದ ಮತ್ತೆ ತೆಗೀರಿ.

ಇಷ್ಟೆಲ್ಲಾ ಸರಿ ಮಾಡಿದ್ ಮೇಲೂ ಹೆಸ್ರಿನ ತಾಳೆ ಅನ್ನೋದು ಬರೀ ಅನುಮಾನ ಪರಿಹಾರಕ್ಕೆ. ದುಡ್ಡು ಹೋಗೋದು ಕೋಡ್ ಮೇಲೆ, ಹೆಸ್ರು ಪಕ್ಕದಲ್ಲಿಟ್ಟು ಮನುಷ್ಯ ನೋಡ್ಬೇಕು.

ಬಟವಾಡೆ ಫೈಲ್ ಸರಿ ಇದೆ, ಸದಸ್ಯರ ಫೈಲ್ ಖಾಲಿ ಇತ್ತು, ಆದ್ರೂ ಎರರ್ ಕೊಡ್ಲಿಲ್ವಲ್ಲ?

ಎನ್‌ಆರ್==ಎಫ್‌ಎನ್‌ಆರ್ ಅನ್ನೋ ಸಾಲು ಕೇಳೋದು "ಒಟ್ಟು ಓದಿರೋ ಸಾಲೂ ಈ ಫೈಲಲ್ಲಿ ಓದಿರೋ ಸಾಲೂ ಒಂದೇನಾ" ಅಂತ, ಒಂದೇ ಅಂದ್ರೆ ಮೊದ್ಲನೇ ಫೈಲು ಅಂತ ಲೆಕ್ಕ. ಮೊದ್ಲನೇದು ಖಾಲಿ ಇದ್ರೆ ಎರಡನೇ ಫೈಲಿಗೂ ಅದು ನಿಜಾನೇ, ಅದನ್ನೇ ಸದಸ್ಯರ ಪಟ್ಟಿ ಅಂದ್ಕೊಂಡು ಓದಿ ಮುಗಿಸಿ ಸುಮ್ನಾಗುತ್ತೆ. ಅದರ ಬದ್ಲು ಫೈಲ್‌ನೇಮ್==ಎಆರ್‌ಜಿವಿ[1] ಅಂತ ಹಾಕಿ. ಫೈಲ್ ಹಿಂದುಮುಂದು ಕೊಟ್ರೂ ಫಲಿತಾಂಶ ಕೆಡುತ್ತೆ, ಯಾವಾಗ್ಲೂ ಸದಸ್ಯರದ್ದು ಮೊದ್ಲು.

ನಾನು ಸ್ಕ್ರಿಪ್ಟ್ ಸ್ವಲ್ಪ ಬದ್ಲಾಯಿಸ್ದೆ, ಈಗ ಇಲ್ದೇ ಇರೋರೂ ಪಟ್ಟೀಲಿ ಬರ್ತಾರೆ, ಖಾಲಿ ಅಕೌಂಟ್ ಜೊತೆ.

ಅರೇ ಒಳಗೆ ಈ ಕೀ ಇದ್ಯಾ ಅಂತ ನೋಡೋದಕ್ಕೆ ಆ ಜಾಗ ಖಾಲಿ ಇದ್ಯಾ ಅಂತ ಕೇಳಿರ್ತೀರ. ಆಕ್‌ನಲ್ಲಿ ಹಂಗೆ ಕೇಳಿದ್ರೇ ಸಾಕು, ಇಲ್ದೇ ಇರೋ ಕೀ ಕೂಡ ಹುಟ್ಕೊಳ್ಳುತ್ತೆ. ಇನ್ ಅನ್ನೋ ಪದ ಹಾಕಿ ಕೇಳಿ, ಅದು ನೋಡುತ್ತೆ ಅಷ್ಟೇ, ಹುಟ್ಟಿಸಲ್ಲ.

ಸ್ಪೇಸ್ ತೆಗೆಯೋ ಸಾಲು ಹಾಕ್ದೆ, ಔಟ್‌ಪುಟ್ಟಲ್ಲಿ ಟ್ಯಾಬ್ ಎಲ್ಲಾ ಹೋಗಿ ಕಾಲಂ ಅಂಟ್ಕೊಂಡಿದಾವೆ.

ಆಕ್‌ನಲ್ಲಿ ಒಂದು ಕಾಲಂ ಮುಟ್ಟಿದ್ರೆ ಇಡೀ ಸಾಲನ್ನ ಮತ್ತೆ ಕಟ್ಟುತ್ತೆ, ಕಟ್ಟೋವಾಗ ಓಎಫ್‌ಎಸ್‌ನಲ್ಲಿ ಏನಿದ್ಯೋ ಅದನ್ನ ಮಧ್ಯೆ ಹಾಕುತ್ತೆ, ಏನೂ ಹೇಳಿಲ್ಲಾಂದ್ರೆ ಒಂದು ಸ್ಪೇಸ್. ಬಿಗಿನ್ ಭಾಗದಲ್ಲಿ ಎಫ್‌ಎಸ್, ಓಎಫ್‌ಎಸ್ ಎರಡಕ್ಕೂ ಟ್ಯಾಬ್ ಕೊಡಿ. ಸ್ಪೇಸ್ ತೆಗೆದ್ರೂ ಹೋಗ್ತಾ ಇಲ್ಲ ಅಂದ್ರೆ ಅದು ಮಾಮೂಲಿ ಸ್ಪೇಸ್ ಅಲ್ಲ, ವೆಬ್ ಪೇಜಿಂದ ಕಾಪಿ ಮಾಡ್ದಾಗ ಬರೋ ಬಿಡದ ಸ್ಪೇಸು, ಹೆಕ್ಸಲ್ಲಿ ಸಿ2 ಎ0, ಅದನ್ನ ಬೇರೆ ತೆಗೀಬೇಕು.

ಕೆಲವು ಸಾಲಲ್ಲಿ ಮಾತ್ರ ಕಾಲಂ ಒಂದು ಮನೆ ಮುಂದೆ ಹೋಗ್ತಾವೆ.

ಹೆಸ್ರಲ್ಲೋ ವಿಳಾಸದಲ್ಲೋ ಕಾಮಾ ಇದೆ. "ಮುನಿವೆಂಕಟಪ್ಪ, ಲೇಟ್ ಚೌಡಪ್ಪನವರ ಮಗ" ಅಂತ ಕೋಟ್ ಒಳಗಿದ್ರೂ ಆಕ್ ಕೋಟ್ ನೋಡಲ್ಲ, ಕಾಮಾ ಕಂಡ ಕಡೆ ಕತ್ತರಿಸುತ್ತೆ. ಗಾಕ್ (ಆಕ್‌ನ ಗ್ನೂ ಆವೃತ್ತಿ) 5.3ರಿಂದ, ಅಂದ್ರೆ 2023ರಿಂದ, ಮೈನಸ್ ಮೈನಸ್ ಸಿಎಸ್‌ವಿ ಅಂತ ಕೊಟ್ರೆ ಕೋಟ್ ಅರ್ಥ ಮಾಡ್ಕೊಳ್ಳುತ್ತೆ. ಹಳೇದಾದ್ರೆ ಟ್ಯಾಬ್ ಹಾಕಿದ ಫೈಲೇ ತೆಗೀರಿ, ವಿಳಾಸದಲ್ಲಿ ಯಾರೂ ಟ್ಯಾಬ್ ಒತ್ತಿರಲ್ಲ.

ಗ್ರೆಪ್ ಮೈನಸ್ ಎಫ್‌ನಲ್ಲೇ ಆಗುತ್ತಲ್ಲ, ಆಕ್ ಯಾಕೆ? ಜಾಯಿನ್ ಯಾಕಲ್ಲ?

ಗ್ರೆಪ್ ಇಡೀ ಸಾಲಲ್ಲಿ ಎಲ್ಲಾದ್ರೂ ಸಿಕ್ರೆ ಸಾಕು ಅನ್ನುತ್ತೆ. 42 ಹುಡುಕಿದ್ರೆ 142, 427 ಎರಡೂ ಬರ್ತವೆ, ಅಕೌಂಟ್ ನಂಬರ್ ಒಳಗಿನ 42ನೂ ಬರುತ್ತೆ. ಪಟ್ಟಿ ಫೈಲಲ್ಲಿ ಒಂದೇ ಒಂದು ಖಾಲಿ ಸಾಲು ಇದ್ರೂ ಎಲ್ಲಾ ಸಾಲೂ ಮ್ಯಾಚ್. ಬರೀ ಕೋಡ್‌ಗಳ ಫೈಲ್ ಆದ್ರೆ ಕ್ಯಾಪಿಟಲ್ ಎಫ್ ಮತ್ತು ಸ್ಮಾಲ್ ಎಕ್ಸ್ ಎರಡೂ ಜೊತೆಗೆ ಹಾಕಿ ಬಳಸ್ಬೋದು.

ಜಾಯಿನ್ ಒಳ್ಳೇ ಕಮಾಂಡೇ, ಆದ್ರೆ ಎರಡೂ ಫೈಲ್ ಕೀ ಮೇಲೆ ಸಾರ್ಟ್ ಆಗಿರ್ಬೇಕು, ಅದೂ ಒಂದೇ ನಿಯಮದಲ್ಲಿ. ಒಂದು ಲ್ಯಾಪ್‌ಟಾಪಲ್ಲಿ ಸಾರ್ಟ್ ಮಾಡಿದ್ದು ಇನ್ನೊಂದರಲ್ಲಿ ಲೊಕೇಲ್ (ಭಾಷೆ ಸೆಟ್ಟಿಂಗ್) ಬೇರೆ ಇದ್ದು "ಸಾರ್ಟ್ ಆಗಿಲ್ಲ" ಅಂತ ಬೈಯುತ್ತೆ. ಸಾರ್ಟಿಗೂ ಜಾಯಿನ್ನಿಗೂ ಎಲ್‌ಸಿ ಅಂಡರ್‌ಸ್ಕೋರ್ ಆಲ್ ಈಕ್ವಲ್ ಸಿ ಅಂತ ಮುಂದೆ ಹಾಕಿ.

ಎಕ್ಸೆಲಲ್ಲಿ ವಿ-ಲುಕಪ್ ಹಾಕಿದ್ರೆ ಆಗಲ್ವಾ ಸಾರ್?

ಆಗುತ್ತೆ, ಕೊನೇ ಆರ್ಗ್ಯುಮೆಂಟ್ ಫಾಲ್ಸ್ ಅಂತ ಮರೀದೇ ಕೊಟ್ರೆ. ಅದನ್ನ ಬಿಟ್ರೆ ಎಕ್ಸೆಲ್ ಟ್ರೂ ಅಂತ ತಗೊಂಡು ಅಂದಾಜಲ್ಲಿ ಹುಡುಕುತ್ತೆ, ಕೋಡ್ ಇಲ್ದೇ ಇದ್ರೆ ಅದಕ್ಕಿಂತ ಚಿಕ್ಕ ಕೋಡಿನೋರ ಅಕೌಂಟ್ ತಂದು ಕೂರಿಸುತ್ತೆ. ನೋಡೋಕೆ ಎಲ್ಲಾ ತುಂಬಿರುತ್ತೆ. ನನಗೆ ಆಕ್ ಇಷ್ಟ ಯಾಕಂದ್ರೆ ಅದು ಊಹೆ ಮಾಡಲ್ಲ, ಇದ್ರೆ ಇದೆ ಇಲ್ಲಾಂದ್ರೆ ಇಲ್ಲ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಹನ್ ಅನ್ನೋ ಮೂವರು ಮಾಡಿದ್ದು, ಹಳೇ ಲ್ಯಾಪ್‌ಟಾಪಲ್ಲೂ ಲಕ್ಷ ಸಾಲಿನ ಫೈಲ್ ಕೂತ್ಕೊಂಡಂಗೆ ಮುಗಿಸುತ್ತೆ. ಪೈಥಾನ್ ಗೊತ್ತಿರೋರು ಧಾರಾಳವಾಗಿ ಅದರಲ್ಲೇ ಮಾಡಿ, ಕನ್ನಡ ಹೆಸ್ರಿನ ಕೆಲ್ಸಕ್ಕೆ ಅದೇ ಮೇಲು.

ಲ್ಯಾಪ್‌ಟಾಪಲ್ಲಿ ಸರಿ ಓಡುತ್ತೆ, ಆಫೀಸ್ ಕಂಪ್ಯೂಟರಲ್ಲಿ ಬೇರೆ ಉತ್ತರ ಬರುತ್ತೆ.

ಒಂದರಲ್ಲಿ ಗಾಕ್, ಇನ್ನೊಂದರಲ್ಲಿ ಮಾಕ್ ಇರುತ್ತೆ, ಹೆಸ್ರು ಎರಡಕ್ಕೂ ಆಕ್. ಡೆಬಿಯನ್, ಉಬುಂಟು ಕಡೆ ತಾನಾಗೇ ಬರೋದು ಮಾಕ್. ಅದು ಬೈಟ್ ಎಣಿಸೋದ್ರಿಂದ ಕೋಲಾರದ ಲೆಂಗ್ತ್ 15 ಅನ್ನುತ್ತೆ, ಗಾಕ್ ಯುಟಿಎಫ್-8 ಲೊಕೇಲಲ್ಲಿ 5 ಅನ್ನುತ್ತೆ, ಸಬ್‌ಸ್ಟರ್ ಹಾಕಿ ಹೆಸ್ರು ಕತ್ತರಿಸಿದ್ರೆ ಅಕ್ಷರದ ಮಧ್ಯಕ್ಕೇ ಕತ್ತರಿ ಬೀಳುತ್ತೆ. ಗಾಕ್ ಹಾಕ್ಕೊಳ್ಳಿ, ಸ್ಕ್ರಿಪ್ಟಲ್ಲೂ ಆಕ್ ಅಂತ ಇರೋ ಕಡೆ ಗಾಕ್ ಅಂತ್ಲೇ ಬರೀರಿ.

ಬ್ಯಾಂಕ್ ರಿಟರ್ನ್ ಫೈಲ್ ಜೊತೆ ಐಎಫ್‌ಎಸ್‌ಸಿ ಮ್ಯಾಚ್ ಆಗ್ತಾ ಇಲ್ಲ.

ಐಎಫ್‌ಎಸ್‌ಸಿ 11 ಅಕ್ಷರ, ಐದನೇದು ಯಾವಾಗ್ಲೂ ಸೊನ್ನೆ, ಅಲ್ಲಿ ಓ ಅಕ್ಷರ ಒತ್ತಿರ್ತಾರೆ, ಮೊದ್ಲು ಅದನ್ನ ನೋಡಿ. ಅದು ಸರಿ ಇದ್ರೆ ಬ್ಯಾಂಕ್ ವಿಲೀನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಹೋಯ್ತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ನಮ್ಮ ಸದಸ್ಯರ ಪಟ್ಟಿಗಳಲ್ಲಿ ಇನ್ನೂ ಹಳೇ ಕೋಡ್‌ಗಳೇ ಕೂತಿರ್ತವೆ. ಮೊದಲ ನಾಲ್ಕಕ್ಷರ ಮಾತ್ರ ಬದ್ಲಾಯಿಸಿದ್ರೆ ಸರಿಹೋಗುತ್ತೆ ಅಂದ್ಕೋಬೇಡಿ, ಬ್ರಾಂಚಿನ ಅಂಕಿಗಳೂ ಬದ್ಲಾಗಿರ್ಬೋದು. ಹಳೇ ಕೋಡ್ ಒಂದು ಕಾಲಂ, ಹೊಸ ಕೋಡ್ ಒಂದು ಕಾಲಂ ಇರೋ ಮೂರನೇ ಫೈಲ್ ಮಾಡ್ಕೊಂಡು ಅದರ ಮೂಲಕ ಹೋಗಿ, ಹೊಸದನ್ನ ಬ್ರಾಂಚಲ್ಲೇ ಕೇಳಿ ಬರ್ಕೊಳ್ಳಿ.

ಜನ ಎಲ್ಲಾ ಸರಿ ಬಂದ್ರು, ದುಡ್ಡಿನ ಟೋಟಲ್ ತಾಳೆ ಬರ್ತಾ ಇಲ್ಲ.

ಪೈಸೆ. ದಶಾಂಶಗಳನ್ನ ಕೂಡಿಸ್ತಾ ಹೋದ್ರೆ ಕಂಪ್ಯೂಟರಲ್ಲಿ ಚೂರು ಚೂರು ಉಳಿಯುತ್ತೆ, ಎಲ್ಲಾನೂ ನೂರರಿಂದ ಗುಣಿಸಿ ಪೈಸೆ ಮಾಡಿ, ರೌಂಡ್ ಮಾಡಿ ಕೂಡಿ, ಕೊನೇಲಿ ರೂಪಾಯಿ ಮಾಡಿ. ಪ್ರೋತ್ಸಾಹಧನದ ಪಟ್ಟಿ ಆದ್ರೆ ಇನ್ನೊಂದು ಸುಲಭದ ಪರೀಕ್ಷೆ ಇದೆ, ಲೀಟರಿಗೆ 5 ರೂಪಾಯಿ ಲೆಕ್ಕ, ಸಾಲಿನ ಲೀಟರನ್ನ ಐದರಿಂದ ಗುಣಿಸಿ ಪಕ್ಕದ ಮೊತ್ತಕ್ಕೆ ಹೋಲಿಸಿ, ಬರದ ಸಾಲುಗಳನ್ನ ಮಾತ್ರ ಪ್ರಿಂಟ್ ಮಾಡ್ಸಿ, ಕಾಲಂ ಜಾರಿರೋದೆಲ್ಲಾ ಅಲ್ಲೇ ಸಿಕ್ಕಿ ಬೀಳುತ್ತೆ.

ಪ್ರತಿ ಸಲ ಓಡ್ಸಿದಾಗ ಸ್ಕ್ರಿಪ್ಟ್ ಕೊನೇಲಿ ಮೂರು ಸಂಖ್ಯೆ ಹೇಳುತ್ತೆ, ಬಂದ ಸಾಲು, ಸಿಕ್ಕಿದ್ದು, ಸಿಗದೇ ಇದ್ದಿದ್ದು. ಕೆಳಗಿನ ಎರಡು ಕೂಡಿದ್ರೆ ಮೇಲಿನದು ಬರ್ಬೇಕು, ರೂಪಾಯಿಗೂ ಹಂಗೇ. ಬರ್ಲಿಲ್ಲಾಂದ್ರೆ ಬ್ಯಾಂಕಿಗೆ ಕಳಿಸ್ಬೇಡಿ. ಡಬ್ಲ್ಯೂಸಿ ಮೈನಸ್ ಎಲ್‌ನಲ್ಲಿ ಒಂದು ಕಮ್ಮಿ ತೋರಿಸಿದ್ರೆ ಗಾಬರಿ ಬೇಡ, ಕೊನೇ ಸಾಲಿನಲ್ಲಿ ಎಂಟರ್ ಒತ್ತಿಲ್ಲ ಅಷ್ಟೇ, ಆಕ್ ಆ ಸಾಲನ್ನೂ ಓದುತ್ತೆ.

ಓಡ್ಸಿದೆ, ನನ್ನ ಮೂಲ ಫೈಲೇ ಖಾಲಿ ಆಗೋಯ್ತು!

ಔಟ್‌ಪುಟ್ಟಿಗೂ ಅದೇ ಫೈಲ್ ಹೆಸ್ರು ಕೊಟ್ಟಿದೀರ. ಆಕ್ ಓದೋದಕ್ಕೂ ಮುಂಚೇನೇ ಶೆಲ್ ಆ ಫೈಲನ್ನ ಖಾಲಿ ಮಾಡಿ ಇಟ್ಟಿರುತ್ತೆ. ಯಾವಾಗ್ಲೂ ಹೊಸ ಹೆಸ್ರು ಕೊಡಿ, ಹೆಸ್ರಲ್ಲಿ ತಾರೀಖು ಹಾಕಿ. ಮೂಲ ಫೈಲುಗಳನ್ನ ಒಂದು ಫೋಲ್ಡರಲ್ಲಿಟ್ಟು ರೀಡ್ ಓನ್ಲಿ ಮಾಡಿಟ್ರೆ ನೆಮ್ಮದಿ.

ಇದೇ ಸ್ಕ್ರಿಪ್ಟ್‌ನ ಪಹಣಿ, ಸರ್ವೆ ನಂಬರ್ ಪಟ್ಟಿಗೆ ಬಳಸ್ಬೋದಾ?

ಬಳಸ್ಬೋದು, ಟೊಮೆಟೊ ಬೆಳೆಯೋರ ಪಟ್ಟಿಗೆ ಕೆಲವರು ಬಳಸ್ತಿದಾರೆ. ಎರಡು ಕಡೆ ಹುಷಾರು. ಸರ್ವೆ ನಂಬರ್ 12/3 ಅಂತ ಇದ್ರೆ ಎಕ್ಸೆಲ್ ಅದನ್ನ ಮಾರ್ಚ್ 12 ಮಾಡಿಬಿಡುತ್ತೆ, ಆಮೇಲೆ ಟೆಕ್ಸ್ಟ್ ಮಾಡಿದ್ರೆ ಏನೋ ಐದಂಕಿ ನಂಬರ್ ಬರುತ್ತೆ, ಸರ್ವೆ ನಂಬರ್ ವಾಪಸ್ ಬರಲ್ಲ. ತೆಗೆಯೋವಾಗ್ಲೇ ಟೆಕ್ಸ್ಟ್ ಅನ್ನಿ. ಇನ್ನೊಂದು, ಪಹಣೀಲಿ ಸರ್ವೆ ನಂಬರ್ ಜೊತೆ ಬರೋ ಸರ್ನೋಕ್ ಅನ್ನೋ ಕಾಲಂನಲ್ಲಿ ಸಾಮಾನ್ಯವಾಗಿ ನಕ್ಷತ್ರದ ಗುರ್ತು ಇರುತ್ತೆ. ಗ್ರೆಪ್ಪಲ್ಲಾಗ್ಲಿ ಆಕ್‌ನ ಟಿಲ್ಡೆ ಗುರ್ತಲ್ಲಾಗ್ಲಿ ಆ ನಕ್ಷತ್ರಕ್ಕೆ ಬೇರೇನೇ ಅರ್ಥ ಇದೆ, "ಹಿಂದಿನ ಅಕ್ಷರ ಎಷ್ಟು ಸಲ ಬೇಕಾದ್ರೂ" ಅಂತ. ಡಬಲ್ ಈಕ್ವಲ್ ಅಥವಾ ಅರೇ ಇನ್ ಮಾತ್ರ ಬಳಸಿ.

ಸರಿ ಹೋಗ್ಲಿಲ್ಲ, ನಿಮಗೆ ಫೈಲ್ ಕಳಿಸ್ಲಾ?

ಇಡೀ ಫೈಲ್ ಕಳಿಸ್ಬೇಡಿ, ವಾಟ್ಸಾಪಲ್ಲಿ ಅಂತೂ ಬೇಡ, ಅದರಲ್ಲಿ ಜನರ ಅಕೌಂಟ್ ನಂಬರ್ ಇರುತ್ತೆ. ಆಧಾರ್ ಕಾಲಂ ಇದ್ರೆ ಈ ಕೆಲ್ಸಕ್ಕೆ ಅದು ಬೇಕಾಗೇ ಇಲ್ಲ, ಫೈಲಿಂದಾನೇ ತೆಗೀರಿ. ಮ್ಯಾಚ್ ಆಗ್ಬೇಕಾಗಿದ್ದು ಆಗ್ದೇ ಇರೋ ಒಂದು ಕೋಡ್ ತಗೊಂಡು ಎರಡೂ ಫೈಲಿನ ಆ ಕಾಲಂನ ಓಡಿ ಮೈನಸ್ ಸಿ ಔಟ್‌ಪುಟ್ ಕಳಿಸಿ, ಗಾಕ್ ಮೈನಸ್ ಮೈನಸ್ ವರ್ಷನ್ ಕೊಟ್ರೆ ಬರೋ ಮೊದಲ ಸಾಲು ಕಳಿಸಿ, ಸ್ಕ್ರಿಪ್ಟ್ ನೀವು ಬದ್ಲಾಯಿಸಿದ್ರೆ ಆ ಸಾಲು ಕಳಿಸಿ. ಸ್ಕ್ರೀನ್ ಫೋಟೋದಲ್ಲಿ ಕಾಣದ ಗುರ್ತು ಕಾಣಲ್ಲ, ಟೆಕ್ಸ್ಟ್ ಆಗಿ ಕಾಪಿ ಮಾಡಿ. ಬಟವಾಡೆ ಹಿಂದಿನ ದಿನ ಆದ್ರೆ ಅದನ್ನೂ ಬರೀರಿ, ಅಂಥವನ್ನ ಮೊದ್ಲು ನೋಡ್ತೀನಿ.